18 ದಿನದ ಮಗಳಿಗೆ ಅಯೋರ್ಟಾ ಕಿರಿದಾಗಿದೆ ಅಂತಾರೆ, ಆಪರೇಷನ್ ಮಾಡಿಸಿದವರು ಯಾರಾದ್ರೂ ಇದ್ದೀರಾ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು, ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಗುವಿನ ಜೊತೆ ಇದ್ದೇವೆ. ಐಸಿಯು ಹೊರಗೆ ಕೂತು ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಮಗಳಿಗೆ ಇವತ್ತಿಗೆ 18 ದಿನ. ಎರಡನೇ ಹೆರಿಗೆ, ನಾರ್ಮಲ್, ತೂಕ 2.9 ಕೆಜಿ. ಮೂರನೇ ದಿನ ಮನೆಗೆ ಕಳಿಸಿದರು. ಎಲ್ಲ ಚೆನ್ನಾಗಿತ್ತು. ಹತ್ತನೇ ದಿನ ಸಂಜೆಯಿಂದ ಹಾಲು ಕುಡಿಯೋದು ಕಮ್ಮಿ ಮಾಡಿದಳು, ಎರಡು ಸಲ ಎಳೆಯೋದು, ಸುಸ್ತಾಗಿ ಬಿಟ್ಟುಬಿಡೋದು, ಹಣೆ ಮೇಲೆ ಬೆವರು, ಉಸಿರು ಓಡ್ತಾ ಇತ್ತು. ಅಮ್ಮ ಕಾಲು ಮುಟ್ಟಿ ನೋಡಿ ಮಂಜಿನ ಹಾಗೆ ತಣ್ಣಗಿದೆ ಅಂದರು. ಮಳೆಗಾಲ ಅಲ್ವಾ, ಥಂಡಿ ಇರಬೇಕು ಅಂತ ಸಾಕ್ಸ್ ಹಾಕಿ ಬೆಚ್ಚಗೆ ಸುತ್ತಿದೆವು. ಬೆಳಗಾಗುವಷ್ಟರಲ್ಲಿ ಮೈ ಬೂದಿ ಬಣ್ಣ ಆಗಿತ್ತು.

ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರು ಮೊದಲು ಸ್ಟೆತಾಸ್ಕೋಪ್ ಕೂಡ ಇಡಲಿಲ್ಲ. ಎರಡು ತೊಡೆಸಂದಿಗೂ ಬೆರಳಿಟ್ಟು ಸುಮಾರು ಹೊತ್ತು ಸುಮ್ನೆ ನಿಂತರು. ಆಮೇಲೆ ಮೊಣಕೈ ಹತ್ತಿರ ಹಿಡಿದು ನೋಡಿದರು. "ಕೈಯಲ್ಲಿ ನಾಡಿ ಇದೆ, ಕಾಲಲ್ಲಿ ಸಿಗ್ತಾ ಇಲ್ಲ" ಅಂದರು. ಕೂಡಲೇ ಎಕೋ, ಅಂದ್ರೆ ಹೃದಯದ ಸ್ಕ್ಯಾನ್ ಮಾಡಿಸಿದರು. ಕೋಆರ್ಕ್ಟೇಶನ್ ಆಫ್ ಅಯೋರ್ಟಾ, ಅಂದ್ರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಒಂದು ಕಡೆ ಕಿರಿದಾಗಿದೆ, ಜೊತೆಗೆ ಆ ನಾಳ ಬಾಗುವ ಕಮಾನಿನ ಭಾಗವೂ ಸ್ವಲ್ಪ ಸಣ್ಣ ಇದೆ ಅಂತ ಬಂತು. ಪ್ರೋಸ್ಟಗ್ಲಾಂಡಿನ್ ಅನ್ನೋ ಔಷಧಿ ಡ್ರಿಪ್‌ನಲ್ಲಿ ಶುರು ಮಾಡಿ, ಉಸಿರಿನ ಮೆಷಿನ್ ಇರುವ ಆಂಬುಲೆನ್ಸ್‌ನಲ್ಲಿ ಇಲ್ಲಿಗೆ ಕಳಿಸಿದರು. ಈಗ ಮೊದಲಿಗಿಂತ ಮೇಲು, ಮೂತ್ರ ಬರುತ್ತಿದೆ.

ಗುರುವಾರ ಆಪರೇಷನ್ ಅಂತಾರೆ. ಎಡ ಪಕ್ಕೆಯಲ್ಲಿ ಬೆನ್ನಿನ ಕಡೆಯಿಂದ ತೆರೆದು, ಕಿರಿದಾದ ಜಾಗ ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಹೊಲಿಯುತ್ತಾರಂತೆ. ನನಗೆ ಅರ್ಥ ಆಗದೇ ಇರೋದು ತುಂಬಾ ಇದೆ. ಹುಟ್ಟಿದಾಗ ಚೆನ್ನಾಗಿದ್ದವಳಿಗೆ ಹತ್ತು ದಿನ ಆದಮೇಲೆ ಹೇಗೆ ಬಂತು? ಹೊಲಿದ ಜಾಗ ಮಗು ಬೆಳೆದ ಹಾಗೆ ಬೆಳೆಯುತ್ತಾ? ದೊಡ್ಡವರಿಗೆ ಮಾಡೋ ಹಾಗೆ ಬಲೂನ್ ಹಾಕೋಕೆ ಆಗಲ್ವಾ? ಸಹಿ ಹಾಕಿಸಿಕೊಂಡ ಪೇಪರಿನಲ್ಲಿ ಕಾಲು ಸ್ವಾಧೀನ ಹೋಗಬಹುದು, ಧ್ವನಿ ಹೋಗಬಹುದು ಅಂತೆಲ್ಲ ಇತ್ತು, ಓದಿದ ಮೇಲೆ ಊಟ ಸೇರಿಲ್ಲ.

ಇನ್ನೊಂದು ವಿಷಯ. ಹೆಂಡತಿ ಬಾಣಂತಿ, ಲಾಡ್ಜ್‌ನಲ್ಲಿದ್ದಾಳೆ. ಊರಿಂದ ಫೋನ್ ಮಾಡಿದ ನೆಂಟರೊಬ್ಬರು "ಗ್ರಹಣದ ದಿನ ಹೊರಗೆ ಬಂದಿದ್ದಳಲ್ಲ, ಅದಕ್ಕೇ" ಅಂದುಬಿಟ್ಟಿದ್ದಾರೆ. ಅವಳು ಅಳು ನಿಲ್ಲಿಸಿಲ್ಲ. ಯಾರಾದ್ರೂ ಗೊತ್ತಿರೋರು ಬರೆಯಿರಿ.

ಪುಟ್ಟನ ಅಮ್ಮ

ಅಣ್ಣ, ಮೊದಲು ನಿಮ್ಮ ಹೆಂಡತಿಗೆ ಈ ಸಾಲು ಓದಿ ಹೇಳಿ. ಇದು ಅವರಿಂದ ಆಗಿದ್ದಲ್ಲ. ನನಗೂ ಏಳು ವರ್ಷದ ಹಿಂದೆ ಇದೇ ಮಾತು ಹೇಳಿದ್ದರು. ನನಗೆ ಗ್ರಹಣ ಅಲ್ಲ, ಪಪ್ಪಾಯಿ.

ನನ್ನ ಮಗನಿಗೆ ಐದು ವಾರ ಆದಾಗ ಆಪರೇಷನ್ ಆಯಿತು, ನೀವು ಹೇಳಿದ ಹಾಗೇ ಎಡ ಪಕ್ಕೆಯಿಂದ. ಈಗ ಎರಡನೇ ಕ್ಲಾಸ್. ಭುಜದ ಮೂಳೆ ಕೆಳಗೆ ಒಂದು ಗೆರೆ ಇದೆ ಅಷ್ಟೇ, ಸ್ನಾನ ಮಾಡಿಸುವಾಗ ಮಾತ್ರ ಕಾಣುತ್ತೆ.

ಡಾಕ್ಟರು ಹೇಳುವ ವಿಷಯ ಡಾಕ್ಟರೇ ಹೇಳಲಿ. ಆಪರೇಷನ್ ಆದಮೇಲೆ ನೀವು ಹೆದರಬಾರದು ಅಂತ ಎರಡು ಹೇಳುತ್ತೇನೆ, ಯಾಕಂದ್ರೆ ನನಗೆ ಮುಂಚೆ ಯಾರೂ ಹೇಳಿರಲಿಲ್ಲ.

ಒಂದು, ಅಳು. ವೆಂಟಿಲೇಟರ್ ಪೈಪ್ ತೆಗೆದ ದಿನ ನನ್ನ ಮಗ ಬಾಯಿ ಅಗಲಿಸಿ ಅಳುತ್ತಿದ್ದ, ಮುಖ ಕೆಂಪಾಗಿತ್ತು, ಆದರೆ ಸದ್ದೇ ಇಲ್ಲ. ಗಾಳಿ ಹೋದ ಹಾಗೆ ಬರೀ ಹಿಸ್ಸ್ ಅಂತ. ಮಗು ಮೂಗ ಆಯಿತು ಅಂತ ನಾನು ಅಲ್ಲೇ ಕುಸಿದೆ. ಸಿಸ್ಟರ್ ಒಬ್ಬರು ಕೂರಿಸಿ ಹೇಳಿದರು, ಧ್ವನಿಯ ನರ ಆ ಜಾಗದ ಪಕ್ಕದಲ್ಲೇ ಹಾದು ಹೋಗುತ್ತೆ, ಜಗ್ಗಿದಾಗ ಸೋತಿರುತ್ತೆ ಅಂತ. ನಮಗೆ ಮೂರು ತಿಂಗಳಲ್ಲಿ ಅಳು ವಾಪಸ್ ಬಂತು. ಅಲ್ಲಿಯವರೆಗೆ ಹಾಲು ಕುಡಿಸುವಾಗ ಕೆಮ್ಮುತ್ತಾನಾ ಅಂತ ನೋಡಬೇಕಿತ್ತು, ನೆತ್ತಿಗೇರುತ್ತೆ. ಎರಡು ವಾರ ಮೂಗಿನ ಟ್ಯೂಬ್‌ನಲ್ಲೇ ಹಾಲು ಹಾಕಿದೆವು.

ಇನ್ನೊಂದು, ಪಕ್ಕೆಗೆ ಹಾಕಿರೋ ಡ್ರೈನ್, ಒಳಗಿನ ನೀರು ಹೊರಗೆ ತರೋ ಪೈಪ್. ಮೊದಲು ತಿಳಿ ಕೆಂಪು ನೀರು ಬರುತ್ತಿತ್ತು. ನನ್ನ ಹಾಲು ಶುರು ಮಾಡಿದ ಮಾರನೇ ದಿನ ಬಾಟಲಿಯಲ್ಲಿ ಬೆಳ್ಳಗೆ, ಥೇಟ್ ಹಾಲಿನ ಹಾಗೇ ಬಂತು. ಕೊಬ್ಬು ಸಾಗಿಸುವ ಒಂದು ಸಣ್ಣ ನಾಳ ಅಲ್ಲೇ ಇರುತ್ತಂತೆ, ಅದರಿಂದ ಸೋರುತ್ತಿದೆ, ಕೈಲೋಥೊರಾಕ್ಸ್ ಅಂದರು. ಎದೆಹಾಲು ನಿಲ್ಲಿಸಿ ಎಂಸಿಟಿ ಅನ್ನೋ ಬೇರೆ ಥರದ ಕೊಬ್ಬಿರುವ ಪುಡಿ ಹಾಲು ಕೊಟ್ಟರು. ಆರು ವಾರ. ತಾನಾಗೇ ನಿಂತಿತು. ಎಲ್ಲ ಮಕ್ಕಳಿಗೂ ಆಗಲ್ಲ ಇದು. ಆದರೆ ಆಗಿಬಿಟ್ಟರೂ ಹೆದರಬೇಡಿ, ಮತ್ತು ಆ ಆರು ವಾರ ನಾನು ಪಂಪ್‌ನಲ್ಲಿ ಹಾಲು ತೆಗೀತಾನೇ ಇದ್ದೆ, ಅದಕ್ಕೇ ಆಮೇಲೆ ಮಗನಿಗೆ ಹಾಲು ಸಿಕ್ಕಿತು. ನಿಮ್ಮ ಹೆಂಡತಿಗೂ ಮೂರು ಗಂಟೆಗೊಂದು ಸಲ ತೆಗೀಲಿಕ್ಕೆ ಹೇಳಿ. ಅತ್ತುಕೊಂಡೇ ಆದರೂ ಪರವಾಗಿಲ್ಲ. ಮಗುವಿಗೆ ತಾನು ಮಾಡಬಹುದಾದ್ದು ಒಂದು ಇದೆ ಅಂತ ಅನ್ನಿಸುತ್ತೆ, ನನಗೆ ಅದೇ ಜೀವ ಹಿಡಿದಿಟ್ಟಿದ್ದು.

ದುಡ್ಡಿನ ವಿಷಯ ನೀವು ಬರೆದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕೌಂಟರ್ ಅದೇ ಆಸ್ಪತ್ರೆಯಲ್ಲಿ ಇದೆಯಾ ಕೇಳಿ, ರೇಷನ್ ಕಾರ್ಡ್, ಆಧಾರ್ ಎರಡೂ ತರಿಸಿಕೊಳ್ಳಿ. ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಸರ್ಕಾರದ ಯೋಜನೆ ಆರ್‌ಬಿಎಸ್‌ಕೆ ಅಂತ ಇದೆ, ಹುಟ್ಟಿನಿಂದ ಬಂದ ಹೃದಯದ ತೊಂದರೆ ಅದರಲ್ಲಿ ಸೇರುತ್ತೆ. ನಮಗೆ ಜಿಲ್ಲಾ ಆಸ್ಪತ್ರೆಯಲ್ಲಿರೋ ಡಿಇಐಸಿ ಅನ್ನೋ ಮಕ್ಕಳ ಕೇಂದ್ರದಿಂದ ಪತ್ರ ಬಂದಿತ್ತು. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಂತೂ ಹೃದಯದ ಆಪರೇಷನ್‌ಗೆ ಬಿಲ್ಲೇ ಇಲ್ಲ. ಆದರೆ ಈಗ ನಿಮ್ಮ ಮಗು ಡ್ರಿಪ್ ಮೇಲಿದೆ, ಜಾಗ ಬದಲಾಯಿಸೋ ಯೋಚನೆ ನೀವೇ ಮಾಡಬೇಡಿ, ಡಾಕ್ಟರನ್ನು ಕೇಳಿ.

ರಾತ್ರಿಪಾಳಿ

ನಾನು ಮಕ್ಕಳ ಹೃದಯ ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರ್. ನಿಮ್ಮ ಮಗುವನ್ನು ನಾನು ನೋಡಿಲ್ಲ. ಹಾಗಾಗಿ ಇದು ಸಾಮಾನ್ಯವಾಗಿ ಹೇಗಿರುತ್ತೆ ಅನ್ನೋದು ಮಾತ್ರ, ನಿಮ್ಮ ಸರ್ಜನ್ ಹೇಳಿದ್ದೇ ಕೊನೇ ಮಾತು.

ಹತ್ತು ದಿನ ಚೆನ್ನಾಗಿದ್ದು ಯಾಕೆ ಕೆಟ್ಟಿತು ಅಂತ ಕೇಳಿದಿರಿ. ಹೊಟ್ಟೆಯಲ್ಲಿರುವಾಗ ಮಗು ಶ್ವಾಸಕೋಶ ಬಳಸುವುದಿಲ್ಲ. ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತ ಡಕ್ಟ್ ಅನ್ನೋ ಅಡ್ಡದಾರಿಯಿಂದ ಅಯೋರ್ಟಾಕ್ಕೆ ಸೇರಿ ಕೆಳಗೆ ಹೋಗುತ್ತೆ. ಅದು ಸೇರುವ ಜಾಗ ಸರಿಯಾಗಿ ಕಮಾನು ಮುಗಿದು ಎಡಗೈಯ ನಾಳ ಹೊರಟ ಮೇಲೆ. ಕೋಆರ್ಕ್ಟೇಶನ್ ಆಗೋದೂ ಅಲ್ಲೇ. ಹುಟ್ಟಿದ ಮೊದಲ ದಿನಗಳಲ್ಲಿ ಡಕ್ಟ್ ತೆರೆದಿರುತ್ತೆ, ಕಾಲಿಗೆ, ಕಿಡ್ನಿಗೆ, ಕರುಳಿಗೆ ರಕ್ತ ಆ ದಾರಿಯಲ್ಲಿ ಹೋಗುತ್ತೆ, ಮಗು ಗುಂಡಗೆ ಚೆನ್ನಾಗಿ ಕಾಣುತ್ತೆ. ಡಕ್ಟ್ ಮುಚ್ಚಿಕೊಳ್ಳುವಾಗ ಆ ದಾರಿ ಹೋಗುತ್ತೆ, ಅಷ್ಟೇ ಅಲ್ಲ, ಡಕ್ಟಿನದೇ ಒಂದಿಷ್ಟು ಮಾಂಸದ ಎಳೆ ಅಯೋರ್ಟಾ ಗೋಡೆಯೊಳಗೂ ಹಬ್ಬಿರುತ್ತೆ, ಅದೂ ಮುದುಡಿ ದಾರಿ ಹಿಂಡಿಬಿಡುತ್ತೆ. ಕಾಲು ತಣ್ಣಗಾಗಿದ್ದು ಥಂಡಿಯಿಂದಲ್ಲ, ಇದರಿಂದ. ಪ್ರೋಸ್ಟಗ್ಲಾಂಡಿನ್ ಮಾಡೋ ಕೆಲಸ ಡಕ್ಟನ್ನು ಮತ್ತೆ ತೆರೆಯೋದು. 1970ರ ದಶಕದ ನಡುವೆ ಈ ಔಷಧಿ ಬರುವ ಮುಂಚೆ ಇಂಥ ಮಕ್ಕಳನ್ನು ಅದೇ ರಾತ್ರಿ, ಅದೇ ಕೆಟ್ಟ ಸ್ಥಿತಿಯಲ್ಲಿ ಟೇಬಲ್ ಮೇಲೆ ಮಲಗಿಸಬೇಕಿತ್ತು. ಈಗ ನಾಲ್ಕೈದು ದಿನ ಸಿಗುತ್ತೆ, ಕಿಡ್ನಿ ಚೇತರಿಸಿಕೊಳ್ಳುತ್ತೆ. ಮೂತ್ರ ಬರುತ್ತಿದೆ ಅಂದಿರಲ್ಲ, ನಿಮ್ಮ ಪೋಸ್ಟ್‌ನಲ್ಲಿ ನನಗೆ ತುಂಬಾ ಸಮಾಧಾನ ತಂದ ಸಾಲು ಅದು. ಈ ಔಷಧಿಯಿಂದ ಮಗು ಉಸಿರಾಡೋದು ಮರೆಯಬಹುದು, ಅದಕ್ಕೇ ಮೆಷಿನ್ ಇರುವ ಆಂಬುಲೆನ್ಸ್. ಶಿವಮೊಗ್ಗದವರು ಎಲ್ಲ ಸರಿಯಾಗಿ ಮಾಡಿದ್ದಾರೆ.

ಗ್ರಹಣದ ಮಾತು. ಅಯೋರ್ಟಾ ಕಮಾನು ರೂಪ ಪಡೆಯೋದು ಗರ್ಭದ ನಾಲ್ಕನೇ ವಾರದಿಂದ ಎಂಟನೇ ವಾರದೊಳಗೆ. ಆರು ಜೋಡಿ ಸಣ್ಣ ನಾಳಗಳ ಲೆಕ್ಕ ಇರುತ್ತೆ, ಕೆಲವು ಬರುತ್ತವೆ, ಕೆಲವು ಮಾಯ ಆಗುತ್ತವೆ, ಎಡಗಡೆಯ ನಾಲ್ಕನೆಯದು ಕಮಾನಿಗೆ ಸೇರುತ್ತೆ, ಆರನೆಯದರಿಂದ ಡಕ್ಟ್. ತುಂಬಾ ತಾಯಂದಿರಿಗೆ ಬಸುರಿ ಅಂತ ಖಾತ್ರಿ ಆಗುವಷ್ಟರಲ್ಲಿ ಈ ಕೆಲಸ ಅರ್ಧ ಮುಗಿದಿರುತ್ತೆ. ಹೊರಗೆ ಬಂದಿದ್ದಕ್ಕೂ ಒಳಗೆ ಕೂತಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಫೋನ್ ಮಾಡಿದವರಿಗೆ ಡಾಕ್ಟರ್ ಹೇಳಿದರು ಅಂತಲೇ ಹೇಳಿ.

ಇನ್ನು ಆಪರೇಷನ್. ಮಗುವನ್ನು ಬಲ ಮಗ್ಗುಲಿಗೆ ಮಲಗಿಸಿ, ಎಡಗಡೆ ಪಕ್ಕೆಲುಬುಗಳ ನಡುವೆ ಒಳಗೆ ಹೋಗುತ್ತಾರೆ, ಮೂರನೇ ಅಥವಾ ನಾಲ್ಕನೇ ಸಂದು. ಹೃದಯ ನಿಲ್ಲಿಸುವುದಿಲ್ಲ, ಹೃದಯ, ಶ್ವಾಸಕೋಶದ ಕೆಲಸ ಮಾಡೋ ಹಾರ್ಟ್-ಲಂಗ್ ಮೆಷಿನ್ ಬೇಡ. ಅಯೋರ್ಟಾ, ಕಮಾನು, ಡಕ್ಟ್ ಎಲ್ಲವನ್ನೂ ಸುತ್ತಲಿನಿಂದ ಬಿಡಿಸಿಕೊಳ್ಳುತ್ತಾರೆ. ಹೆಚ್ಚಿನ ಸಮಯ ಹೋಗೋದು ಇದಕ್ಕೇ, ಯಾಕಂದ್ರೆ ಚೆನ್ನಾಗಿ ಬಿಡಿಸಿಕೊಂಡರೆ ಕೆಳಗಿನ ತುದಿ ಎಳೆತ ಇಲ್ಲದೆ ಮೇಲೆ ಬರುತ್ತೆ. ಡಕ್ಟ್ ಕಟ್ಟಿ ಕತ್ತರಿಸುತ್ತಾರೆ. ಮೇಲೆ ಕೆಳಗೆ ರಕ್ತ ತಡೆಯೋ ಕ್ಲ್ಯಾಂಪ್ ಹಾಕಿ, ಕಿರಿದಾದ ಭಾಗವನ್ನು ಡಕ್ಟಿನ ಎಳೆ ಒಂದಿಷ್ಟೂ ಉಳಿಯದ ಹಾಗೆ ತೆಗೆಯುತ್ತಾರೆ. ಉಳಿದರೆ ಅದೇ ಮತ್ತೆ ಮುದುಡುತ್ತೆ. ಆಮೇಲೆ ಕಮಾನಿನ ಕೆಳಗಿನ ಅಂಚನ್ನು ಉದ್ದಕ್ಕೆ ಸೀಳಿ, ಕೆಳಗಿನ ತುದಿಯನ್ನೂ ಓರೆಯಾಗಿ ಕತ್ತರಿಸಿ, ಅಗಲವಾದ ಬಾಯಿಗೆ ಅಗಲವಾದ ಬಾಯಿ ಸೇರಿಸಿ ಹೊಲಿಯುತ್ತಾರೆ. ದಾರ ಕೂದಲಿನಷ್ಟು ಸಣ್ಣ. ಕ್ಲ್ಯಾಂಪ್ ಇರೋದು ಸಾಮಾನ್ಯವಾಗಿ ಅರ್ಧ ಗಂಟೆಗಿಂತ ಕಮ್ಮಿ.

ಬೆಳೆಯುತ್ತಾ ಅಂದ್ರೆ, ಹೌದು, ಮಗುವಿನದೇ ನಾಳಕ್ಕೆ ಮಗುವಿನದೇ ನಾಳ ಸೇರಿಸಿರೋದರಿಂದ ಬೆಳೆಯುತ್ತೆ. ಅದಕ್ಕೇ ಈ ವಯಸ್ಸಿನಲ್ಲಿ ಕೃತಕ ಟ್ಯೂಬ್ ಹಾಕೋದಿಲ್ಲ, ಅದು ಬೆಳೆಯೋದಿಲ್ಲ. ಬಲೂನ್ ಯಾಕೆ ಬೇಡ ಅಂದ್ರೆ, ನವಜಾತ ಶಿಶುವಿನಲ್ಲಿ ಬಲೂನ್ ಆ ಎಳೆಯನ್ನು ಹಿಗ್ಗಿಸುತ್ತೆ, ತೆಗೆಯೋದಿಲ್ಲ, ಕೆಲವು ವಾರದಲ್ಲಿ ಮತ್ತೆ ಕಿರಿದಾಗೋದು ತುಂಬಾ ಜಾಸ್ತಿ. ಮುಂದೆ ಹೊಲಿಗೆಯ ಜಾಗ ಕಿರಿದಾದರೆ ಆಗ ಬಲೂನೇ ಒಳ್ಳೇ ದಾರಿ.

ಕಾಲು ಸ್ವಾಧೀನದ ಮಾತು. ಕ್ಲ್ಯಾಂಪ್ ಇರುವಾಗ ಬೆನ್ನುಹುರಿಗೆ ರಕ್ತ ಕಮ್ಮಿಯಾದರೆ ಹಾಗೆ ಆಗಬಹುದು. 1972ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕದಲ್ಲಿ 12,532 ಆಪರೇಷನ್‌ಗಳಿಗೆ 51 ಜನರಿಗೆ ಆಗಿತ್ತು. ಸಾವಿರಕ್ಕೆ ನಾಲ್ಕು. ಇದು ಐವತ್ತು ವರ್ಷ ಹಳೇ ಲೆಕ್ಕ, ಎಲ್ಲ ವಯಸ್ಸಿನವರೂ ಸೇರಿ. ಈಗ ಮೈ ಒಂದೆರಡು ಡಿಗ್ರಿ ತಂಪು ಮಾಡಿಕೊಂಡೇ ಕ್ಲ್ಯಾಂಪ್ ಹಾಕುತ್ತಾರೆ, ತಂಪಾದ ನರ ಜಾಸ್ತಿ ಹೊತ್ತು ತಡೆಯುತ್ತೆ. ಧ್ವನಿಯ ನರದ ದಾರಿ ವಿಚಿತ್ರ. ಗಂಟಲಿಗೆ ಹೋಗಬೇಕಾದ್ದು ಎದೆಗೆ ಇಳಿದು, ಕಮಾನಿನ ಕೆಳಗೆ ಡಕ್ಟ್ ಪಕ್ಕ ಸುತ್ತು ಹಾಕಿ, ಮತ್ತೆ ಮೇಲೆ ಹತ್ತುತ್ತೆ. ಸರ್ಜನ್ ಅದನ್ನು ಕಣ್ಣಾರೆ ನೋಡಿ ಪಕ್ಕಕ್ಕೆ ಸರಿಸಿಯೇ ಕೆಲಸ ಮಾಡುತ್ತಾರೆ, ಆದರೂ ಜಗ್ಗುತ್ತೆ. ಪುಟ್ಟನ ಅಮ್ಮ ಬರೆದಿರೋದು ಎರಡೂ ಸರಿ.

ಈ ಆಪರೇಷನ್ ಹೊಸದಲ್ಲ. 1944ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಮೊದಲು ಮಾಡಿದರು, ಕತ್ತರಿಸಿ ತುದಿಗೆ ತುದಿ ಸೇರಿಸಿ. ಹಾರ್ಟ್-ಲಂಗ್ ಮೆಷಿನ್ ಇನ್ನೂ ಬಂದೇ ಇರಲಿಲ್ಲ. ಮಾರನೇ ವರ್ಷ ಬಾಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಮಾಡಿದರು. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ನಿಮ್ಮ ಮಗಳಿಗೆ ಗುರುವಾರ ಮಾಡೋದು ಎಂಬತ್ತು ವರ್ಷ ಲಕ್ಷಾಂತರ ಕೈಗಳು ತಿದ್ದಿದ ಕೆಲಸ.

ಒಂದು ಕೇಳಿ. ಹೆಣ್ಣು ಮಗು ಆದ್ದರಿಂದ ಕ್ರೋಮೋಸೋಮ್ ಟೆಸ್ಟ್‌ಗೆ ರಕ್ತ ಕಳಿಸಿದ್ದಾರಾ? ಟರ್ನರ್ ಸಿಂಡ್ರೋಮ್, ಅಂದ್ರೆ ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದ ಅಥವಾ ಅರೆಬರೆ ಇರುವ ಹೆಣ್ಣುಮಕ್ಕಳಲ್ಲಿ ಕೋಆರ್ಕ್ಟೇಶನ್ ಜಾಸ್ತಿ. ಇಲ್ಲದೇ ಇರುವ ಸಾಧ್ಯತೆಯೇ ಹೆಚ್ಚು, ಆದರೆ ಗೊತ್ತಿರೋದು ಒಳ್ಳೇದು.

ತೋಟದಮನೆ

ಸರ್, ಅಕ್ಕ, ಇಬ್ಬರಿಗೂ ಏನು ಹೇಳಲಿ. ಹೆಂಡತಿಗೆ ಪೂರ್ತಿ ಓದಿ ಹೇಳಿದೆ, ಗ್ರಹಣದ ಭಾಗ ಎರಡು ಸಲ. ಇವತ್ತು ಊಟ ಮಾಡಿದಳು. ಕ್ರೋಮೋಸೋಮ್ ಟೆಸ್ಟ್ ಕಳಿಸಿದ್ದಾರೆ, ಕೇಳಿದೆ.

ಆದರೆ ಪ್ಲ್ಯಾನ್ ಬದಲಾಯಿತು. ನಿನ್ನೆ ಸಿಟಿ ಸ್ಕ್ಯಾನ್ ಮಾಡಿದರು. ಕಮಾನು 3.1 ಮಿಲಿಮೀಟರ್ ಅಂತೆ, ತುಂಬಾ ಸಣ್ಣ, ಎಡ ಪಕ್ಕೆಯಿಂದ ಅಲ್ಲಿಯವರೆಗೆ ಕೈ ಮುಟ್ಟಲ್ಲ, ಎದೆ ಮುಂದಿನಿಂದ ಮಾಡಬೇಕು, ಹಾರ್ಟ್-ಲಂಗ್ ಮೆಷಿನ್ ಹಾಕಬೇಕು, ಶನಿವಾರ ಅಂದರು. ಮೊದಲು ಹೇಳಿದ್ದಕ್ಕಿಂತ ದೊಡ್ಡ ಆಪರೇಷನ್ ಅಲ್ವಾ ಇದು? ಮೊದಲೇ ಯಾಕೆ ಗೊತ್ತಾಗಲಿಲ್ಲ? ಬೇರೆ ಕಡೆ ಇನ್ನೊಬ್ಬರನ್ನು ಕೇಳಬೇಕಾ?

ರಾತ್ರಿಪಾಳಿ

ದೊಡ್ಡದು ಹೌದು, ಸುಳ್ಳು ಹೇಳಲ್ಲ. ಆದರೆ ಪ್ಲ್ಯಾನ್ ಬದಲಾಯಿಸಿದ್ದು ಒಳ್ಳೇ ಟೀಮ್‌ನ ಲಕ್ಷಣ. ಎಕೋದಲ್ಲಿ ಕಮಾನಿನ ದೂರದ ಭಾಗ ಶ್ವಾಸಕೋಶದ ಗಾಳಿಯ ಹಿಂದೆ ಇರುತ್ತೆ, ಅಳತೆ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆಗೋದು ಸಹಜ. ನಮ್ಮಲ್ಲಿ ಒಂದು ಅಂದಾಜಿನ ಲೆಕ್ಕ ಇದೆ. ಮಗುವಿನ ತೂಕ ಎಷ್ಟು ಕೆಜಿಯೋ ಅದಕ್ಕೆ ಒಂದು ಕೂಡಿಸಿ, ಕಮಾನು ಕನಿಷ್ಠ ಅಷ್ಟು ಮಿಲಿಮೀಟರ್ ಇರಬೇಕು. ನಿಮ್ಮ ಮಗಳು ಮೂರು ಕೆಜಿ ಹತ್ತಿರ, ಅಂದ್ರೆ ಸುಮಾರು 4 ಬೇಕು. 3.1 ಇದೆ. ಇದನ್ನು ಹಾಗೇ ಬಿಟ್ಟು ಕೆಳಗಿನ ಇಕ್ಕಟ್ಟು ಮಾತ್ರ ತೆಗೆದರೆ, ತೋಟಕ್ಕೆ ಹೋಗೋ ಪೈಪಿನ ಕೊನೆಯಲ್ಲಿ ಕಸ ತೆಗೆದು ಮೇಲಿನ ಸಣ್ಣ ಪೈಪ್ ಬದಲಾಯಿಸದೇ ಬಿಟ್ಟ ಹಾಗೆ. ಒಂದೇ ವರ್ಷದಲ್ಲಿ ಮತ್ತೆ ಬರಬೇಕಾಗಬಹುದು.

ಮುಂದಿನಿಂದ ಮಾಡುವಾಗ ಎದೆಮೂಳೆ ನಡುವೆ ತೆರೆಯುತ್ತಾರೆ. ಮೆಷಿನ್‌ಗೆ ಸೇರಿಸಿ ಮೈ ನಿಧಾನವಾಗಿ ತಂಪು ಮಾಡುತ್ತಾರೆ, 37ರಿಂದ ಸುಮಾರು 20, 25 ಡಿಗ್ರಿವರೆಗೆ, ಎಷ್ಟು ಅನ್ನೋದು ಟೀಮ್ ಮೇಲೆ. ಮೊದಲು ಕಮಾನು ಹೊಲಿಯುವಷ್ಟು ಹೊತ್ತು ರಕ್ತ ಓಡಾಟ ಪೂರ್ತಿ ನಿಲ್ಲಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಬಲಗಡೆ ತಲೆಗೆ ಹೋಗುವ ನಾಳಕ್ಕೆ ಒಂದು ಸಣ್ಣ ಟ್ಯೂಬ್ ಸೇರಿಸಿ, ಮಿದುಳಿಗೆ ಮಾತ್ರ ರಕ್ತ ಹೋಗ್ತಾ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಹಣೆ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ, ಮಿದುಳಿನ ಆಕ್ಸಿಜನ್ ಎಷ್ಟಿದೆ ಅಂತ ಅದು ಕ್ಷಣಕ್ಷಣಕ್ಕೂ ತೋರಿಸುತ್ತೆ. ಕೆಳಗಿನ ಅಯೋರ್ಟಾವನ್ನು ಮೇಲೆಳೆದು ಕಮಾನಿನ ಅಡಿಗೆ ಹೊಲಿಯುತ್ತಾರೆ, ಜಾಗ ಸಾಲದಿದ್ದರೆ ತೇಪೆ ಹಾಕಿ ಅಗಲ ಮಾಡುತ್ತಾರೆ.

ಈಗಲೇ ಹೇಳಿಡುತ್ತೇನೆ, ಆಪರೇಷನ್ ಮುಗಿದ ಮೇಲೆ ಎದೆ ಮುಚ್ಚದೆ ಒಂದೆರಡು ದಿನ ತೆಳು ಹಾಳೆ ಮುಚ್ಚಿ ಬಿಡಬಹುದು. ಹೃದಯ ಊದಿರುತ್ತೆ, ಅದಕ್ಕೆ ಜಾಗ ಬೇಕು. ನೋಡೋಕೆ ಭಯ ಆಗುತ್ತೆ. ಅದು ಕೆಟ್ಟ ಸುದ್ದಿ ಅಲ್ಲ.

ಇನ್ನೊಬ್ಬರನ್ನು ಕೇಳೋದು ನಿಮ್ಮ ಹಕ್ಕು, ಸಿಟಿ ಸ್ಕ್ಯಾನಿನ ಸಿಡಿ ಕೊಡಿ ಅಂದ್ರೆ ಕೊಡುತ್ತಾರೆ. ಮಗುವನ್ನು ಅಲುಗಾಡಿಸದೆ ಸಿಡಿ ಮಾತ್ರ ತೋರಿಸಿ.

ಎಡಗೈ

ನನ್ನದು ಸ್ವಲ್ಪ ಉದ್ದ ಆಗುತ್ತೆ, ಆದರೆ ಮಕ್ಕಳಿಗೆ ಈ ಆಪರೇಷನ್ ಆದ ಎಲ್ಲ ಅಪ್ಪ ಅಮ್ಮಂದಿರೂ ಓದಬೇಕು ಅಂತ ಬರೆಯುತ್ತಿದ್ದೇನೆ.

ನನಗೆ ಈಗ 35. ಹುಬ್ಬಳ್ಳಿ. ಎರಡು ತಿಂಗಳ ಮಗುವಾಗಿದ್ದಾಗ ಕೋಆರ್ಕ್ಟೇಶನ್ ಆಪರೇಷನ್ ಆಗಿತ್ತು. ಆಗಿನ ಕಾಲದಲ್ಲಿ ಇನ್ನೊಂದು ರೀತಿ ಇತ್ತು, ಎಡಗೈಗೆ ಹೋಗುವ ದೊಡ್ಡ ನಾಳವನ್ನು ಕತ್ತರಿಸಿ, ಸೀಳಿ, ಮಡಚಿ ಅದನ್ನೇ ತೇಪೆ ಹಾಗೆ ಕಿರಿದಾದ ಜಾಗಕ್ಕೆ ಹೊಲಿಯೋದು. ಸಬ್‌ಕ್ಲೇವಿಯನ್ ಫ್ಲ್ಯಾಪ್ ಅಂತಾರೆ. ನನ್ನ ಎಡಗೈಗೆ ಈಗ ರಕ್ತ ಸಣ್ಣ ಪುಟ್ಟ ಅಕ್ಕಪಕ್ಕದ ನಾಳಗಳಿಂದಲೇ ಬರುತ್ತೆ. ಮಣಿಕಟ್ಟಿನಲ್ಲಿ ನಾಡಿ ಸಿಗೋದೇ ಕಷ್ಟ. ಕೈ ಕೂಡ ಬಲಗೈಗಿಂತ ಒಂದು ಚೂರು ಸಣ್ಣ, ಅಂಗಿ ತೋಳು ಎಡಗಡೆ ಸ್ವಲ್ಪ ಕೆಳಗೆ ಇಳಿಯುತ್ತೆ. ಕೆಲಸಕ್ಕೆ ಯಾವ ತೊಂದರೆಯೂ ಆಗಿಲ್ಲ.

ಅಪ್ಪ ಅಮ್ಮನಿಗೆ "ಆಪರೇಷನ್ ಆಯಿತು, ವಾಸಿ ಆಯಿತು" ಅಂತ ಅಷ್ಟೇ ಗೊತ್ತಿತ್ತು. ಹತ್ತನೇ ವಯಸ್ಸಿನ ಮೇಲೆ ಯಾರಿಗೂ ತೋರಿಸಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ವರ್ಷಕ್ಕೊಂದು ಹೆಲ್ತ್ ಚೆಕಪ್ ಇತ್ತು, ಕುರ್ಚಿ ಪಕ್ಕ ಬಿಪಿ ಮೆಷಿನ್ ಇರೋದು ಎಡಗಡೆ, ಎಡಗೈಗೇ ಕಟ್ಟುತ್ತಿದ್ದರು. 110, 112. ಎಂಟು ವರ್ಷ ನಾರ್ಮಲ್ ಅಂತ ಬರೆದರು. ಬೆಳಗ್ಗೆ ಎದ್ದರೆ ತಲೆನೋವು, ಕಣ್ಣಿನ ನಂಬರ್ ಅಂದುಕೊಂಡು ಎರಡು ಸಲ ಕನ್ನಡಕ ಬದಲಾಯಿಸಿದೆ. ಒಂದು ಸಲ ರಕ್ತದಾನಕ್ಕೆ ಹೋದಾಗ ಅಲ್ಲಿದ್ದ ಹುಡುಗಿ ಬಲಗೈಗೆ ಕಟ್ಟಿದಳು. 176/100. ಮತ್ತೆ ಕಟ್ಟಿದಳು, ಅದೇ. ಎಮ್‌ಆರ್‌ಐನಲ್ಲಿ ಹಳೇ ಜಾಗ ಮತ್ತೆ ಕಿರಿದಾಗಿರೋದು ಕಂಡಿತು. ತೊಡೆಯ ನಾಳದಿಂದ ಒಳಗೆ ಹೋಗಿ ಸ್ಟೆಂಟ್ ಹಾಕಿದರು, ಮೂರು ದಿನದಲ್ಲಿ ಮನೆಗೆ ಬಂದೆ. ಬಿಪಿ ಮಾತ್ರೆ ಇನ್ನೂ ತಗೊಳ್ಳುತ್ತಿದ್ದೇನೆ.

ಹಾಗಾಗಿ ತೋಟದಮನೆ ಸರ್, ನಿಮ್ಮ ಮಗಳಿಗೆ ಈ ಫ್ಲ್ಯಾಪ್ ಮಾಡಲ್ಲ ಅನ್ನಿಸುತ್ತೆ, ಆದರೂ ಡಿಸ್ಚಾರ್ಜ್ ಸಮ್ಮರಿ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ. ಯಾವ ರೀತಿ ಮಾಡಿದರು ಅನ್ನೋದು ಅದರಲ್ಲಿ ಇರಬೇಕು. ಶಾಲೆಗೆ ಸೇರಿಸುವಾಗ, ಆಮೇಲೆ ಅವಳ ಮದುವೆ, ಬಸುರಿ ಬಾಣಂತನದ ಹೊತ್ತಿಗೆ ಕೂಡ ಆ ಹಾಳೆ ಬೇಕು. ಬಿಪಿ ಯಾವಾಗಲೂ ಬಲಗೈಗೆ, ಜೊತೆಗೆ ಒಂದು ಕಾಲಿಗೆ. ಕಾಲಿನದು ಕೈಗಿಂತ 20 ಕಮ್ಮಿ ಇದ್ದರೆ ಸುಮ್ನೆ ಕೂರಬೇಡಿ.

ರಾತ್ರಿಪಾಳಿ

ಎಡಗೈ ಅವರೇ, ನೀವು ಬರೆದಿದ್ದನ್ನು ನಮ್ಮ ಓಪಿಡಿ ಗೋಡೆಗೆ ಅಂಟಿಸಬೇಕು. ಹೊಲಿಗೆ ಚೆನ್ನಾಗಿದ್ದರೂ ಬಿಪಿ ಏರುವವರಿದ್ದಾರೆ, ಕಿರಿದಾಗದೇ ಇದ್ದರೂ. ಮತ್ತೆ ಕೋಆರ್ಕ್ಟೇಶನ್ ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಅಯೋರ್ಟಾದ ಬಾಗಿಲು, ಅಂದ್ರೆ ವಾಲ್ವ್, ಮೂರು ರೆಕ್ಕೆ ಬದಲು ಎರಡೇ ರೆಕ್ಕೆ ಇರುತ್ತೆ. ಅದೂ ವರ್ಷಗಳ ಮೇಲೆ ಗಟ್ಟಿಯಾಗಬಹುದು. ಅದಕ್ಕೇ ಎಕೋ ಜೀವನಪೂರ್ತಿ, ದೊಡ್ಡವರಾದ ಮೇಲೂ.

ಹೊಳೆನರಸೀಪುರ

ಇದು ಬೇರೆ ತೊಂದರೆ, ಆದರೆ ಅದೇ ಕಮಾನಿನದು, ಹುಡುಕಿಕೊಂಡು ಬರುವವರಿಗೆ ಸಿಗಲಿ ಅಂತ ಬರೆಯುತ್ತೇನೆ.

ನನ್ನ ಮಗಳು ಹುಟ್ಟಿದಾಗಿನಿಂದ ಉಸಿರಾಡುವಾಗ ಗೊರಗೊರ ಸದ್ದು. ಒಂದು ವರ್ಷ ವ್ಹೀಜಿಂಗ್ ಅಂತ ನೆಬ್ಯುಲೈಜರ್ ಕೊಟ್ಟರು, ಸ್ಟೀರಾಯ್ಡ್ ಕೊಟ್ಟರು, ಧೂಳು ಅಂದರು, ನಾಯಿ ಸಾಕಬೇಡಿ ಅಂದರು. ಯಾವುದಕ್ಕೂ ಜಗ್ಗಲಿಲ್ಲ. ಗಂಜಿ, ಹಾಲು ಇಳಿಯುತ್ತಿತ್ತು. ಗಟ್ಟಿ ಊಟ ಶುರು ಮಾಡಿದ ಮೇಲೆ ಕಡಲೆ ಗಾತ್ರದ ಮುದ್ದೆ ತುತ್ತು ಕೂಡ ಸಿಕ್ಕಿಕೊಂಡು ನೀಲಿ ಆಗುತ್ತಿದ್ದಳು, ತಲೆ ಹಿಂದಕ್ಕೆ ಬಾಗಿಸಿಕೊಂಡೇ ಉಸಿರಾಡುತ್ತಿದ್ದಳು. ಕೊನೆಗೆ ಒಬ್ಬ ಡಾಕ್ಟರ್ ಎಕ್ಸ್-ರೇಯಲ್ಲಿ ಕಾಣೋ ಬೇರಿಯಂ ದ್ರವ ಕುಡಿಸಿ ಎಕ್ಸ್-ರೇ ತೆಗೆಸಿದರು. ಅನ್ನನಾಳದ ಎರಡೂ ಕಡೆ ಒತ್ತಿದ ಗುರುತು. ಸಿಟಿಯಲ್ಲಿ ಡಬಲ್ ಅಯೋರ್ಟಿಕ್ ಆರ್ಚ್. ಒಂದು ಕಮಾನಿನ ಬದಲು ಎರಡು, ಶ್ವಾಸನಾಳ ಅನ್ನನಾಳ ಎರಡನ್ನೂ ಉಂಗುರದ ಹಾಗೆ ಹಿಡಿದುಕೊಂಡಿತ್ತು.

ಸಣ್ಣ ಕಮಾನನ್ನು ಕಟ್ಟಿ ಕತ್ತರಿಸಿದರು, ಎಡಗಡೆಯದು. ಮೆಷಿನ್ ಬೇಕಾಗಲಿಲ್ಲ. ಆಪರೇಷನ್ ಆದ ಮಾರನೇ ದಿನವೇ ಸದ್ದು ನಿಲ್ಲುತ್ತೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಅಷ್ಟು ದಿನ ಒತ್ತಿಸಿಕೊಂಡ ಶ್ವಾಸನಾಳ ಮೆತ್ತಗಾಗಿರುತ್ತೆ, ಗಟ್ಟಿಯಾಗೋಕೆ ತಿಂಗಳುಗಳು ಬೇಕು ಅಂದರು. ಹತ್ತು ತಿಂಗಳು ಬೇಕಾಯಿತು. ಮುದ್ದೆ ಮಾತ್ರ ಎರಡನೇ ವಾರವೇ ಇಳಿಯಿತು.

ನೆಬ್ಯುಲೈಜರ್‌ಗೆ ಒಂದಿಷ್ಟೂ ಬಗ್ಗದ ಸದ್ದು, ಹುಟ್ಟಿದಾಗಿನಿಂದ ಇದ್ದರೆ, ನುಂಗೋಕೂ ಕಷ್ಟ ಇದ್ದರೆ, ಇದನ್ನು ಒಂದು ಸಲ ಕೇಳಿ. ಯಾರನ್ನೂ ದೂರೋಕೆ ಬರೆದಿದ್ದಲ್ಲ. ಆ ಒಂದು ವರ್ಷ ಅವಳು ಪಟ್ಟ ಕಷ್ಟ ನೆನೆದರೆ ಹೊಟ್ಟೆ ಉರಿಯುತ್ತೆ, ಅಷ್ಟೇ.

ಪುಟ್ಟನ ಅಮ್ಮ

ಅಣ್ಣ, ಶನಿವಾರ ಏನಾಯಿತು? ದಿನಕ್ಕೆ ನಾಲ್ಕು ಸಲ ಇಲ್ಲಿ ಬಂದು ನೋಡುತ್ತಿದ್ದೇನೆ.

ತೋಟದಮನೆ

ಅಕ್ಕ, ಕ್ಷಮಿಸಿ, ಫೋನ್ ಕೈಯಲ್ಲಿ ಹಿಡಿಯೋಕೂ ಆಗಿರಲಿಲ್ಲ.

ಶನಿವಾರ ಬೆಳಗ್ಗೆ ಏಳೂವರೆಗೆ ಒಳಗೆ ಕರೆದುಕೊಂಡು ಹೋದರು, ಮಧ್ಯಾಹ್ನ ಎರಡೂಕಾಲಿಗೆ ಸರ್ಜನ್ ಹೊರಗೆ ಬಂದರು. ಕಮಾನಿನ ಅಡಿಗೆ ಹೊಲಿದು, ಹೃದಯದ ಸುತ್ತಲಿನ ಪೊರೆಯದೇ ಒಂದು ಚೂರು ತೇಪೆ ಹಾಕಿದ್ದಾರಂತೆ. ವಾಲ್ವ್ ಮೂರು ರೆಕ್ಕೆಯೇ ಇದೆ. ಎದೆ ಮುಚ್ಚಿರಲಿಲ್ಲ. ಸರ್ ಮೊದಲೇ ಹೇಳಿದ್ದರಿಂದ ನಾವಿಬ್ಬರೂ ನಿಂತುಕೊಂಡೇ ನೋಡಿದೆವು, ಇಲ್ಲದಿದ್ದರೆ ನಾನು ಖಂಡಿತ ಬೀಳುತ್ತಿದ್ದೆ. ಸೋಮವಾರ ಮುಚ್ಚಿದರು. ಮಂಗಳವಾರ ಬಿಪಿ ಏರಿತ್ತು, ಇದು ಆಗೋದೇ, ಇಷ್ಟು ದಿನ ಇಕ್ಕಟ್ಟಿನ ವಿರುದ್ಧ ತಳ್ಳಿ ಅಭ್ಯಾಸ ಆಗಿರುತ್ತೆ ಅಂತ ಔಷಧಿ ಹಾಕಿದರು. ನಿನ್ನೆ ವೆಂಟಿಲೇಟರ್ ಪೈಪ್ ತೆಗೆದರು. ಅಳು ಇದೆ, ಆದರೆ ಒಡಕು, ಪುಟ್ಟನ ಅಮ್ಮ ಹೇಳಿದ ಹಾಗೆ. ಡ್ರೈನ್‌ನಲ್ಲಿ ಬಿಳಿ ಬಂದಿಲ್ಲ ಇನ್ನೂ. ಹೆಂಡತಿಯ ಹಾಲು 10 ಮಿಲಿ ಟ್ಯೂಬ್‌ನಲ್ಲಿ ಹಾಕಿದ್ದಾರೆ, ಫ್ರಿಜ್‌ನಲ್ಲಿ ಇನ್ನೂ ಹನ್ನೆರಡು ಬಾಟಲಿ ಇದೆ.

ಇವತ್ತು ಸಿಸ್ಟರ್ ಬಲಗೈಗೂ ಕಾಲಿಗೂ ಬಿಪಿ ಕಟ್ಟಿ ತೋರಿಸಿದರು. ಕೈ 82, ಕಾಲು 84. ನಾನು ಬರೆದುಕೊಂಡೆ. ಆಮೇಲೆ, ತೊಡೆಸಂದಿನಲ್ಲಿ ನಾಡಿ ಹೇಗೆ ನೋಡೋದು ನನಗೂ ಹೇಳಿಕೊಡಿ ಅಂತ ಕೇಳಿದೆ. ಕೈ ತೊಳೆಸಿ, ನನ್ನ ಬೆರಳು ಹಿಡಿದು ಇಡಿಸಿದರು. ಒತ್ತಬೇಡಿ, ಸುಮ್ನೆ ಇಟ್ಟು ಕಾಯಿರಿ ಅಂದರು. ಅಡಿಕೆ ಸುಲಿದು ಸುಲಿದು ದಡ್ಡುಗಟ್ಟಿದ ಬೆರಳು, ಗೊತ್ತಾಗಲಿಕ್ಕಿಲ್ಲ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಸಿಕ್ಕಿತು. ತುಂಬಾ ಜೋರು ಜೋರು ಓಡ್ತಾ ಇತ್ತು. ಹೆಂಡತಿಯ ಕೈಯನ್ನೂ ಅಲ್ಲೇ ಇಡಿಸಿದೆ.

ಶಿವಮೊಗ್ಗದ ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕು.